ತುಕ್ಕು ಹಿಡಿದ ಗುಂಡುಸೂಜಿಗಳು

ಗುಂಡುಸೂಜಿಗಳಿಗೆ ತುಕ್ಕು ಹಿಡಿಯುತ್ತಿದ್ದುದೇ ಟೈಲರಮ್ಮನ ಆ ತಿಂಗಳ ಮಹಾದುಃಖವಾಗಿತ್ತು. ಸಾಂಕ್ರಾಮಿಕಕ್ಕೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದರೆ, ಆಕೆ ಸೂಜಿ ಮಾರಿದ ಅಂಗಡಿಯವನ ಏಳು ತಲೆಮಾರನ್ನು ಜಾಲಾಡುತ್ತಿದ್ದಳು.

ಇಡೀ ಬೀದಿಗೆ ಮಾಸ್ಕ್ ಹೊಲಿದು ಕೊಟ್ಟವಳು ಆಕೆಯೇ. ಬೀದಿಯ ಮೂಗುಗಳ ಉದ್ದಗಲವೆಲ್ಲ ಆಕೆಗೆ ಬಾಯಿಪಾಠ. ಆದರೆ ತನ್ನ ಮೂಗಿಗೆ ಮಾತ್ರ ಒಂದು ಚಿಂದಿಯನ್ನೂ ಕಟ್ಟಿಕೊಂಡವಳಲ್ಲ. ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಳ್ಳದಿದ್ದರೆ ಆಕೆಗೆ ಕತ್ತರಿಯೇ ಓಡದು. ಮಾಸ್ಕ್ ಕಟ್ಟಿದರೆ ಸೂಜಿಗೆ ಜಾಗವೆಲ್ಲಿ? (ಸೂಜಿ ಕಚ್ಚಿಕೊಂಡವರೊಡನೆ ಯಾರೂ ವಾದಕ್ಕೆ ನಿಲ್ಲುವುದಿಲ್ಲವೆಂಬ ಲಾಭವೂ ಇತ್ತು.)

ಒಳಕೋಣೆಯಲ್ಲಿ ಅಂಚು ಹೊಲಿಯುತ್ತಿದ್ದ ಅತ್ತೆಗೆ ಎಪ್ಪತ್ತೆಂಟು. ಉಸಿರೆಳೆದರೆ ಎದೆಯೊಳಗೆ ಸೀಟಿ. ಸೊಸೆಗೆ ಕಸುಬು ಕಲಿಸಿದವರು ಅವರೇ. ಸೂಜಿ ಕಚ್ಚುವ ಅಭ್ಯಾಸವೂ ಅವರದೇ ಬಳುವಳಿ. ಸಂಜೆ ಸೊಸೆಯ ಬಾಯಿಂದ ಡಬ್ಬಿಗೆ ಬಿದ್ದ ಸೂಜಿಗಳು ಬೆಳಿಗ್ಗೆ ಅತ್ತೆಯ ಮಾಸ್ಕಿನಡಿಗೆ ನುಸುಳುತ್ತಿದ್ದವು. ಗುಂಡಿ ಹಚ್ಚುವ ಇಲಾಖೆಯ ಏಕಮಾತ್ರ ಅಧಿಕಾರಿಗಳಾದ ಯಜಮಾನರು ಎರಡೆರಡು ಮಾಸ್ಕ್ ಧರಿಸಿ, ಅಮ್ಮನಿಗೆ ಈ ರೋಗ ತಗುಲಿದರೆ ಉಳಿಯುವುದಿಲ್ಲವೆಂದು ದಿನಕ್ಕೊಮ್ಮೆ ಬೇಡಿಕೊಳ್ಳುತ್ತಿದ್ದರು.

"ನನ್ನ ಮೂಗು, ನನ್ನಿಷ್ಟ," ಎಂದಳು ಟೈಲರಮ್ಮ ಒಂದು ದಿನ, ಸೂಜಿಗಳನ್ನು ತೆಗೆದಿಟ್ಟು. "ಮೂರು ಮನೆಯಾಚೆ ಬಟ್ಟೆ ಸೀದ್ರೂ ಹೇಳೋ ಮೂಗಿದು. ಇದಕ್ಕೆ ಲಗಾಮು ಹಾಕ್ಬೇಕಾ? ನಿಮಗೆ ಭಯ ಇದ್ರೆ ದಿಂಬಿನ ಚೀಲದೊಳಗೆ ಕೂತ್ಕೊಳ್ಳಿ."

ಅದಾದ ಮೂರನೆಯ ದಿನ ಆಕೆ ದಾದಿಯೊಬ್ಬಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಾಗ ಒಳಗಿನಿಂದ ಅತ್ತೆ ಕೂಗಿದರು, "ಏನೇ, ಏನೋ ಸೀಯ್ತಾ ಇದೆಯಲ್ಲೇ?"

"ಏನೂ ಇಲ್ಲ ಅತ್ತೆ, ನಿಮ್ಮ ಭ್ರಮೆ," ಎಂದು ಟೈಲರಮ್ಮ, ಇಸ್ತ್ರಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಬಾಗಿಲತ್ತ ತಿರುಗಿ ತೀರ್ಪು ಕೊಟ್ಟಳು. ಯಜಮಾನರು ಓಡಿ ಬರುವಷ್ಟರಲ್ಲಿ ಸಮವಸ್ತ್ರದ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯಾಕಾರದ ಕಿಟಕಿಯೊಂದು ತೆರೆದಿತ್ತು. ಆಕೆ ಸುಟ್ಟ ಬಟ್ಟೆಯನ್ನು ಮೂಗಿಗೆ ಹಿಡಿದಳು. ವಾಸನೆಯಿಲ್ಲ. ಹೊಲಿಗೆ ಯಂತ್ರದ ಎಣ್ಣೆಯನ್ನು ಮೂಸಿದಳು. ಅದೂ ಇಲ್ಲ. ಆಗ ನೆನಪಾದದ್ದು ಸಮವಸ್ತ್ರವಲ್ಲ, ಸೂಜಿಯ ಡಬ್ಬಿ.

ಪರೀಕ್ಷೆಯಲ್ಲಿ ಟೈಲರಮ್ಮ ತೇರ್ಗಡೆಯಾಗಿ ಮುಂಗೋಣೆಯಲ್ಲಿ ಬಂದಿಯಾದಳು. ಅತ್ತೆಯ ಫಲಿತಾಂಶಕ್ಕೆ ಎರಡು ದಿನ ಕಾಯಬೇಕಿತ್ತು. ಇಷ್ಟು ವರ್ಷ ಗೊಣಗುತ್ತ ಕೇಳಿಸಿಕೊಂಡಿದ್ದ ಆ ಎದೆಯ ಸೀಟಿಯನ್ನು ಆಕೆ ಗೋಡೆಗೆ ಕಿವಿಯಿಟ್ಟು ಆಲಿಸಿದಳು. ಅದು ಕ್ಷಣ ನಿಂತರೆ ತನ್ನ ಉಸಿರೂ ನಿಲ್ಲುತ್ತಿತ್ತು.

ಮೂರನೆಯ ಬೆಳಿಗ್ಗೆ ಕಿಟಕಿಯ ಹೊರಗೆ ಯಜಮಾನರು ನಿಂತಿದ್ದರು. "ಅಮ್ಮನಿಗೆ ಏನೂ ಇಲ್ಲ."

"ಮತ್ತೆ ಆ ಸೂಜಿಗಳು?"

"ದಿನಾ ಸಂಜೆ ನೀನು ಸ್ನಾನಕ್ಕೆ ಹೋದಾಗ ಕುದಿಸಿಡ್ತಿದ್ದೆ. ನೀನು ಬರೋದ್ರೊಳಗೆ ಒರೆಸೋಕೆ ಪುರುಸೊತ್ತು ಆಗ್ತಿರ್ಲಿಲ್ಲ. ಅದಕ್ಕೇ ತುಕ್ಕು."

ಟೈಲರಮ್ಮ ಅಂಗಡಿಯವನ ಏಳೂ ತಲೆಮಾರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದಳು. ಯಜಮಾನರು ಕಿಟಕಿಯ ಸರಳುಗಳ ನಡುವೆ ಒಂದು ಮಾಸ್ಕನ್ನು ತೂರಿಸಿದರು. ಆಕೆ ಹೊಲಿದವೆಲ್ಲ ಬೀದಿಯ ಪಾಲಾಗಿದ್ದರಿಂದ ಇದನ್ನು ಅವರೇ ಹೊಲಿದಿದ್ದರು. ಹೊಲಿಗೆ ಹಾವಿನಂತೆ ಹರಿದಿತ್ತು. ಒಂದು ಕಿವಿಯ ದಾರ ಇನ್ನೊಂದರ ಎರಡರಷ್ಟಿತ್ತು. ಬಲ್ಲ ವಿದ್ಯೆಯನ್ನು ಬಿಡಲಾಗದೆ ನಟ್ಟನಡುವೆ ಒಂದು ಗುಂಡಿಯನ್ನೂ ಹಚ್ಚಿದ್ದರು. ಆಕೆ ಅದನ್ನು ಧರಿಸಿದಳು. ಗುಂಡಿ ನೇರವಾಗಿ ಮೂಗಿನ ತುದಿಗೆ ಬಂದು ಕೂತಿತು.

"ಅಳತೆ ಸರಿಯಾಯ್ತಾ ಕೇಳೋ," ಎಂದರು ಗೋಡೆಯಾಚೆಯಿಂದ ಅತ್ತೆ.

"ಹೇಳಿ ಮಾಡಿಸಿದ ಹಾಗಿದೆ ಅತ್ತೆ," ಎಂದಳು ಟೈಲರಮ್ಮ.

ಮೂವತ್ತು ವರ್ಷಗಳ ಕಸುಬಿನಲ್ಲಿ ಆಕೆ ಹೇಳಿದ ಮೊದಲ ಸುಳ್ಳು ಅದು. (ನಾಳೆ ಸಿದ್ಧವಿರುತ್ತದೆ ಎಂದು ಗಿರಾಕಿಗಳಿಗೆ ಹೇಳುವುದನ್ನು ಲೆಕ್ಕಕ್ಕೆ ಹಿಡಿಯಬಾರದು.)