ಇಪ್ಪತ್ತೆರಡು ಕುಂಡಗಳ ಪರಿಹಾರ

ಗಡಿಯಾರ ರಿಪೇರಿಯವನು ರೈಲ್ವೆ ಕೆಲಸದ ಸಂದರ್ಶನಕ್ಕೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾಲ್ಕನಿಯಲ್ಲಿ ನಿಂತು ಬಾಚಣಿಗೆ ಎತ್ತಿದ್ದೇ ತಡ, ಮೇಲಿನ ಮನೆಯ ಅಕ್ಕ ಹೂಕುಂಡಗಳಿಗೆ ಸುರಿದ ನೀರು ಕೆಮ್ಮಣ್ಣಿನ ಸಮೇತ ನೆತ್ತಿಗಿಳಿಯಿತು. ಇದ್ದದ್ದೇ ಒಂದು ಬಿಳಿ ಅಂಗಿ. ಈಗ ಅದು ಜಿರಾಫೆಯ ಮೈಯಂತಾಗಿತ್ತು.

ಸಂದರ್ಶನ ಹನ್ನೊಂದಕ್ಕೆ. ಆಗಲೇ ಒಂಬತ್ತು. ಎರಡೆರಡು ಮೆಟ್ಟಿಲು ಹಾರಿ, ಮೂರನೇ ಮಹಡಿಯಲ್ಲಿದ್ದ, ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಬಾಗಿಲು ಬಡಿದ. ಕಾರ್ಯದರ್ಶಿ ಎಂದರೆ ನಿವೃತ್ತ ವ್ಯಾಕರಣದ ಮೇಷ್ಟ್ರು.

"ಮೇಷ್ಟ್ರೇ, ನನಗೆ ಈಗಿಂದೀಗ್ಲೇ ಪರಿಹಾರ ಬೇಕು!"

ಮೇಷ್ಟ್ರ ಕಣ್ಣು ಹೊಳೆಯಿತು. ನಿವೃತ್ತರಾದ ಮೇಲೆ ಒಂದು ಪದ ತಾನಾಗಿಯೇ ಅವರ ಮನೆಬಾಗಿಲಿಗೆ ಬಂದದ್ದು ಇದೇ ಮೊದಲು.

"ಪರಿಹಾರ ಅಂದ್ರೇನಪ್ಪಾ?"

"ಬೇರೆ ಅಂಗಿ!"

"ಅಲ್ಲ. 'ಹೃ' ಅಂತ ಧಾತು. ಹೊತ್ತುಕೊಂಡು ಹೋಗೋದು. ಮುಂದೆ 'ಪರಿ' ಸೇರಿದ್ರೆ, ದೂರ ಮಾಡೋದು. ತಪ್ಪನ್ನ ಎತ್ತಿ ಆಚೆ ಹಾಕೋದೇ ಪರಿಹಾರ. ಅಂಗಿ ಗಿಂಗಿ ಎಲ್ಲ ಆಮೇಲೆ ಅಂಟಿಕೊಂಡ ಅರ್ಥ."

ಗಲಾಟೆ ಕೇಳಿ ಅಕ್ಕನೂ ಬಂದರು. "ನೀರು ಕೆಳಗಡೆಗೇ ಬೀಳೋದು ಕಣಪ್ಪಾ. ನಿನಗೆ ಅಲ್ಲಿ ನಿಂತ್ಕೋ ಅಂದೋರ್ಯಾರು?"

"ನನಗೆ ಗೊತ್ತು," ಎಂದು ಪಕ್ಕದ ಮನೆಯ ದರ್ಜಿ ತಲೆ ಹಾಕಿದ. "ಪರಿಹಾರ ಅಂದ್ರೆ ಹಾರ ಹಾಕಿ ಕ್ಷಮೆ ಕೇಳೋದು."

"ನಾನ್ಯಾಕೆ ಹಾರ ಹಾಕ್ಲಿ?" ಅಕ್ಕ ಸಿಡಿದರು. ಮೇಷ್ಟ್ರು ನಿಘಂಟು ತಂದರು. ಅದನ್ನು ಓದಿ, ಜಗಳವಾಡಿ, ಮತ್ತೆ ಓದುವಷ್ಟರಲ್ಲಿ ಹತ್ತೂವರೆಯಾಯಿತು.

ಕೊನೆಗೆ ಮೇಷ್ಟ್ರು ತೀರ್ಪು ಕೊಟ್ಟರು: "ತಪ್ಪಿನ ಮೂಲ ಕುಂಡ. ಕುಂಡ ಹೊರಬೇಕು. ಕೇಳಿದ್ದು ನೀನು, ಹೊರೋನೂ ನೀನೇ."

"ಎಲ್ಲಿಗೆ ಹೊರಲಿ ಮೇಷ್ಟ್ರೇ?"

"ಅದನ್ನ ಧಾತುವಿನಲ್ಲಿ ಹೇಳಿಲ್ಲ."

ಮೆಟ್ಟಿಲಲ್ಲಿ ಇಟ್ಟರೆ ದರ್ಜಿ ಬಯ್ದ, ಅಂಗಳದಲ್ಲಿ ಇಟ್ಟರೆ ಕಾವಲುಗಾರ ಓಡಿಸಿದ. ಇಪ್ಪತ್ತೆರಡು ಕುಂಡಗಳನ್ನೂ ಗಡಿಯಾರದವನು ಏದುಸಿರು ಬಿಡುತ್ತ ತನ್ನ ಬಾಲ್ಕನಿಗೇ ತಂದು ಜೋಡಿಸಿದ. ಕೊನೆಯದನ್ನು ಇಳಿಸಿದಾಗ ಅವನ ಗೋಡೆಯ ಏಳೂ ಗಡಿಯಾರಗಳು ಒಟ್ಟಿಗೇ ಹನ್ನೆರಡು ಹೊಡೆದವು. ರೈಲ್ವೆ ಕೆಲಸ ಕೈತಪ್ಪಿತ್ತು. ಇನ್ನು ಮೇಲಿಂದ ನೀರಂತೂ ಬೀಳುವುದಿಲ್ಲವಲ್ಲ ಎಂದು ಕುರ್ಚಿಗೆ ಒರಗಿದ.

ಬಾಗಿಲು ತಳ್ಳಿಕೊಂಡು ಅಕ್ಕ ಕೊಡದ ಸಮೇತ ಒಳಬಂದರು. "ಪಾಪ, ಮಕ್ಕಳು ಬಾಡಿಹೋಗಿವೆ," ಎನ್ನುತ್ತ ಧಾರಾಳವಾಗಿ ಸುರಿದರು. "ಸಾಯಂಕಾಲ ಮತ್ತೆ ಬರ್ತೀನಪ್ಪಾ."

ಕೆಳಗಿನ ಮನೆಯಿಂದ ಒಂದು ಗರ್ಜನೆ ಕೇಳಿಸಿತು. ಗಡಿಯಾರದವನು ಬಗ್ಗಿ ನೋಡಿದ. ಡ್ಯೂಟಿಗೆ ಹೊರಟಿದ್ದ ಪೊಲೀಸ್ ಪೇದೆ ಟೋಪಿಯಿಂದ ಬೂಟಿನವರೆಗೆ ಕೆಮ್ಮಣ್ಣಾಗಿ ನಿಂತಿದ್ದ.

"ಸಾರ್... ನಿಮಗೆ ಪರಿಹಾರ..."

"ನನಗೇನೂ ಬೇಡ. ನೀನು ಕೆಳಗೆ ಬಾ, ನಿನಗೇ ಕೊಡ್ತೀನಿ. ಪ್ರಹಾರ!"

ಮೂರನೇ ಮಹಡಿಯಿಂದ ಮೇಷ್ಟ್ರ ಹರ್ಷೋದ್ಗಾರ ತೇಲಿಬಂತು: "ಭೇಷ್! ಅದೂ 'ಹೃ' ಧಾತುವೇ!"