ಪಾಟೀಲರ ಡಬ್ಬಿ

ಕಣ್ಣು ಮಂಜಾಯಿತೆಂದು ಒಪ್ಪಿಕೊಳ್ಳುವವರಿದ್ದಾರೆ, ಕಿವಿ ಮಂದವಾಯಿತೆಂದು ಒಪ್ಪಿಕೊಳ್ಳುವವರೂ ಇದ್ದಾರೆ. ತನಗೆ ರುಚಿ ತಿಳಿಯುವುದಿಲ್ಲವೆಂದು ಒಪ್ಪಿಕೊಂಡ ಗಂಡಸನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ನಾನಂತೂ ನನ್ನ ನಾಲಗೆಯನ್ನು ಹೈಕೋರ್ಟಿಗೆ ಸಮನೆಂದೇ ತಿಳಿದಿದ್ದೆ. ಅನ್ನದ ಮೇಲೆ ಸಾರು ಬಿದ್ದೊಡನೆ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಎರಡು ಕ್ಷಣ ಮೌನ ಆಚರಿಸಿ, "ಮೆಂತ್ಯ ನಾಲ್ಕು ಕಾಳು ಹೆಚ್ಚಾಯಿತು" ಎಂದು ತೀರ್ಪು ಕೊಡುತ್ತಿದ್ದೆ. ಪುಡಿಯಾದ ಮೆಂತ್ಯವನ್ನು ಯಾರೂ ಎಣಿಸಿ ನೋಡುವಂತಿಲ್ಲವಾದ್ದರಿಂದ ನನ್ನ ಕೀರ್ತಿಗೆ ಬಹುಕಾಲ ಭಂಗ ಬರಲಿಲ್ಲ.

ಆಗ ಎಂಬತ್ತರ ದಶಕ ಇನ್ನೂ ಎಳೆಯದು. ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಮನೆಯಲ್ಲಿ ಸಾರಿನ ಪುಡಿಗೆ ದೇವರಿಗಿಂತ ಕೆಳಗಿನ, ರೇಷನ್ ಕಾರ್ಡಿಗಿಂತ ಮೇಲಿನ ಸ್ಥಾನವಿತ್ತು. ಬೇಸಿಗೆಯಲ್ಲಿ ಅಮ್ಮ ಮೆಣಸಿನಕಾಯಿ, ಕೊತ್ತಂಬರಿ ಬೀಜ ಒಣಗಿಸಿ, ಹುರಿದು, ನನ್ನ ತಲೆಯ ಮೇಲೆ ಹೊರಿಸಿ ಮಿಲ್ಲಿಗೆ ನಡೆಸುತ್ತಿದ್ದಳು. ಅಲ್ಲಿ ಅವಳ ಮೊದಲ ಪ್ರಶ್ನೆ ಒಂದೇ: "ಇದಕ್ಕೆ ಮುಂಚೆ ಈ ಮಿಷನ್‌ಗೆ ಏನು ಹಾಕಿದ್ದೆಯಪ್ಪ?" ಉತ್ತರ ಏನೇ ಬರಲಿ, ತನ್ನ ಕೊತ್ತಂಬರಿಯಲ್ಲಿ ಒಂದು ಹಿಡಿ ಮೊದಲು ಬೀಸಿಸಿ, ಆ ಪುಡಿಯನ್ನು ಅಲ್ಲೇ ಬಿಟ್ಟುಬಿಡುತ್ತಿದ್ದಳು. ಹಿಂದಿನವರ ಮನೆಯ ವಾಸನೆ ನಮ್ಮ ಸಾರಿಗೆ ಬರಬಾರದೆಂಬ ಶಾಸ್ತ್ರ ಅದು. ಆಮೇಲೆ ಅಲ್ಲಾಡದೆ ನಿಂತು ಕಾಯುವಳು. ಗಡಿ ಕಾಯುವ ಯೋಧರೂ ಅಷ್ಟು ಸೀನುತ್ತ ನಿಂತಿರಲಾರರು.

ಈ ಪುಡಿಗೆ ಹೊರಗಿನ ಅಭಿಮಾನಿ ಒಬ್ಬರಿದ್ದರು, ಪಾಟೀಲರು. ಗದಗಿನ ಕಡೆಯವರು. ಯಶವಂತಪುರದ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಪಕ್ಕದ ಮೇಜು. ಒಂಟಿ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಮುಂದೆ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ತಿಂಗಳಿಗೊಮ್ಮೆ ಅಮ್ಮ ಅವರಿಗೆ ಒಂದು ಡಬ್ಬಿ ಪುಡಿ ಕಳಿಸುವಳು. ನನ್ನ ಮಗ ಹುಟ್ಟಿದಾಗ ಕೊಂಡಿದ್ದ ಹಾಲಿನ ಪುಡಿಯ ಡಬ್ಬಿ ಅದು. ಅಂಥವು ಮನೆಯಲ್ಲಿ ಸಾಲಾಗಿ ಇದ್ದವು. ಡಬ್ಬಿ ಹೋದ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳುವಳು: "ಪಾಟೀಲರು ಏನಂದ್ರು?" ಅಪ್ಪ ಹೋದ ಮೇಲೆ ಅಮ್ಮ ಯಾರಿಂದಲೂ ಏನನ್ನೂ ಕೇಳಿದವಳಲ್ಲ. ಇದೊಂದನ್ನು ಮಾತ್ರ ಕೇಳುತ್ತಿದ್ದಳು.

ಆ ವರ್ಷ ಅಮ್ಮನ ಬಲಭುಜ ಹಿಡಿದುಕೊಂಡಿತು. ಹುರಿಯುವುದು, ಕುಟ್ಟುವುದು ಕೂಡದೆಂದರು ಡಾಕ್ಟರು. ಪುಡಿಯ ಜಾಡಿ ತಳ ಕಂಡಿತು. ಪಾಟೀಲರ ಖಾಲಿ ಡಬ್ಬಿ ಬಂದು ಕಿಟಕಿಯಲ್ಲಿ ಕೂತಿತು. ಅಮ್ಮ ಅದನ್ನು ದಿನಕ್ಕೆರಡು ಬಾರಿ ಒರೆಸಿಡುವುದನ್ನು ನೋಡಲಾರದೆ ನಾನು ಅದನ್ನು ಕದ್ದು ಬೀದಿ ಕೊನೆಯ ರಶೀದ್ ಸಾಬರ ದಿನಸಿ ಅಂಗಡಿಗೆ ಹೋದೆ.

ಅಲ್ಲಿ ಮೂಟೆಗಳೆಲ್ಲ ಮೂಲೆ ಸೇರಿ, ಮುಂದುಗಡೆ ಪಾಕೀಟುಗಳು ತೋರಣದಂತೆ ತೂಗಾಡತೊಡಗಿದ್ದ ಕಾಲ. ಸಾರಿನ ಪುಡಿಯ ಪಾಕೀಟೊಂದನ್ನು ಡಬ್ಬಿಗೆ ಸುರಿದು ಪಾಟೀಲರಿಗೆ ಒಪ್ಪಿಸಿದೆ. ಅವರು ಅದನ್ನು ಉಂಡು ಸುಮ್ಮನಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಒಂದು ಭಾನುವಾರ ನೇರ ಮನೆಗೇ ಬಂದುಬಿಟ್ಟರು.

"ಅವ್ವಾರ, ಈ ಸಲದ ಪುಡಿ ಭಾಳ ಛಲೋ ಆಗೇತ್ರಿ! ಹೋದ ವರ್ಷದ್ದಕ್ಕಿಂತ ಒಂದು ಕೈ ಮ್ಯಾಲ!"

ಅಮ್ಮ ನನ್ನನ್ನು ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ. "ಹೌದಪ್ಪ, ಈ ಸಲ ಕೊತ್ತಂಬರಿ ಚೆನ್ನಾಗಿತ್ತು" ಎಂದು ಅಮ್ಮ ಕಾಫಿ ತರಲು ಒಳಗೆ ಹೋದಳು. ಹೆತ್ತ ತಾಯಿ ನನ್ನ ಮಾನ ಉಳಿಸಲು ಸುಳ್ಳು ಹೇಳಿದ್ದು ಅದೇ ಮೊದಲು.

ಮರುದಿನ ನನ್ನನ್ನು ಮುಂದೆ ಬಿಟ್ಟುಕೊಂಡು ಅಂಗಡಿಗೆ ಹೊರಟಳು. ಪಾಕೀಟನ್ನು ಬೆಳಕಿಗೆ ಹಿಡಿದು ಕೇಳಿದಳು: "ಇದನ್ನ ಯಾರು ಮಾಡಿದ್ದು ರಶೀದು?"

"ಕಂಪನಿ ಮಾಲು ಅಮ್ಮಾ. ಫಸ್ಟ್ ಕ್ಲಾಸ್. ಮನುಷ್ಯರ ಕೈಯೇ ಸೋಕಿಲ್ಲ ನೋಡಿ."

"ಕೈ ಸೋಕದೇ ಇದ್ರೆ ಕೈರುಚಿ ಎಲ್ಲಿಂದ ಬರತ್ತಪ್ಪ? ಹೋಗಲಿ, ಇದಕ್ಕೆ ಮುಂಚೆ ಆ ಮಿಷನ್‌ಗೆ ಏನು ಹಾಕಿದ್ರು?"

ರಶೀದ್ ಸಾಬರು ಪಾಕೀಟಿನ ಹಿಂದೆ ಮುಂದೆ ಓದಿದರು. ಎಲ್ಲ ಬರೆದಿತ್ತು, ಅದೊಂದು ಬರೆದಿರಲಿಲ್ಲ. "ಯಾ ಅಲ್ಲಾ, ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳಿಲ್ಲ ಅಮ್ಮಾ" ಎಂದರು.

ವಾರದೊಳಗೆ ಅಮ್ಮ ಕುರ್ಚಿಯಲ್ಲಿ ಕೂತು ಆಜ್ಞಾಪಿಸಿದಳು, ನಾನು ಹುರಿದೆ. ನನ್ನ ಹೆಂಡತಿ ಅಲಿಪ್ತ ನೀತಿ ಅನುಸರಿಸಿ ತವರಿಗೆ ಹೋಗಿಬಂದಳು. ಮಿಲ್ಲಿನಲ್ಲಿ ಒಂದು ಹಿಡಿ ಬಿಡುವ ಶಾಸ್ತ್ರವೂ ಆಯಿತು. ಹೊಸ ಪುಡಿ ಪಾಟೀಲರಿಗೆ ತಲುಪಿತು. ಮೂರನೆಯ ದಿನ ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ರಾಯರ, ತಪ್ಪು ತಿಳೀಬ್ಯಾಡ್ರಿ. ಹಿಂದಿನ ಡಬ್ಬೀದೇ ಛಲೋ ಇತ್ರಿ. ಅವ್ವಾರ ಮುಂದ ಮಾತ್ರ ಅನಬ್ಯಾಡ್ರಿ ಮತ್ತ."

ಸಂಜೆ ಅಮ್ಮ ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತ ಬಾಗಿಲಲ್ಲೇ ಕೂತಿದ್ದಳು. "ಪಾಟೀಲರು ಏನಂದ್ರು?"

"ಅಮೃತ ಅಂದ್ರು" ಎಂದೆ.

ಅಂದಿನಿಂದ ನನ್ನ ಇಬ್ಬಗೆಯ ಬಾಳು ಶುರುವಾಯಿತು. ತಿಂಗಳಿಗೊಮ್ಮೆ ಅಮ್ಮ ಡಬ್ಬಿ ತುಂಬಿಸಿ ಕೊಡುವಳು. ಅದನ್ನು ಚೀಲದಲ್ಲಿಟ್ಟುಕೊಂಡು ರಶೀದ್ ಸಾಬರ ಅಂಗಡಿಯಲ್ಲಿ ಅಂಥದ್ದೇ ಇನ್ನೊಂದು ಡಬ್ಬಿಗೆ ಪಾಕೀಟಿನ ಪುಡಿ ತುಂಬಿ ಪಾಟೀಲರಿಗೆ ಕೊಡುವೆ. ಅಮ್ಮನ ಪುಡಿಯನ್ನು ಸಂಜೆ ಮನೆಯ ಜಾಡಿಗೇ ಗುಟ್ಟಾಗಿ ಮರಳಿಸುವೆ. ಪಾಟೀಲರಿಗೆ ಸುಖ, ಅಮ್ಮನಿಗೆ ಸಮಾಧಾನ, ರಶೀದ್ ಸಾಬರಿಗೆ ವ್ಯಾಪಾರ. ನಮ್ಮ ಜಾಡಿ ಮಾತ್ರ ಹೇಗೋ ಅಕ್ಷಯಪಾತ್ರೆಯಾಗಿತ್ತು. ದಾನ ಮಾಡಿದಷ್ಟೂ ಇಳಿಯದ ಪುಡಿಯನ್ನು ಯಾರಾದರೂ ಗಮನಿಸಬಹುದೆಂದು ನನಗೆ ಹೊಳೆಯಲೇ ಇಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ, ಒಂದು ರಾತ್ರಿ ಊಟಕ್ಕೆ ಕೂತಾಗ, ಅನ್ನದ ಮೇಲೆ ಸಾರು ಬಿತ್ತು. ಕಣ್ಣು ಮುಚ್ಚಿದೆ. ಎರಡು ಕ್ಷಣ ಮೌನ. ಒಳಗಿನಿಂದ ನಿಜವಾದ ಭಕ್ತಿ ಉಕ್ಕಿ ಬಂತು.

"ಅಮ್ಮ, ಏನೇ ಹೇಳು, ಯಾವ ಪಾಕೀಟಿಗೆ ಬರಬೇಕು ಈ ರುಚಿ! ಈ ಸಲ ನಿನ್ನ ಕೈ ನಿಜವಾಗಿ ಕೂಡಿಬಂದಿದೆ."

ಹೆಂಡತಿ ಪಲ್ಯದ ಪಾತ್ರೆಯೊಳಗೆ ಮುಖ ಬಗ್ಗಿಸಿದಳು. ಅಮ್ಮ ಸೌಟನ್ನು ಕೆಳಗಿಟ್ಟು, ಜಾಡಿಯ ಮುಚ್ಚಳ ತೆಗೆದು, ಮೇಲಿನ ಪುಡಿಯನ್ನು ಒಮ್ಮೆ ಮೂಸಿ, ಮತ್ತೆ ಮುಚ್ಚಿ ಶಾಂತವಾಗಿ ಕೇಳಿದಳು:

"ಹಾಗಾದ್ರೆ ಈ ತಿಂಗಳು ಪಾಟೀಲರಿಗೆ ಹೋಗಿದ್ದು ನಂದೇನೋ?"

ಎರಡು ಡಬ್ಬಿಗಳೂ ಕಣ್ಣ ಮುಂದೆ ಬಂದವು. ಒಂದೇ ಬಣ್ಣ, ಒಂದೇ ಎತ್ತರ, ಎರಡರ ಮೇಲೂ ನಗುವ ಅದೇ ಮಗು. ನಾನು ಬೇಗ ಮಜ್ಜಿಗೆ ಬಡಿಸಿಕೊಂಡೆ. ಅದರ ಬಗ್ಗೆ ಯಾವ ತೀರ್ಪನ್ನೂ ಕೊಡಲಿಲ್ಲ.