ಮೀನ ಖಾನಾವಳಿಗೆ ಸಾಹೇಬರು ಬಂದರು

ಸರಕಾರದವರನ್ನು ಕಂಡರೆ ನನಗೆ ಮೊದಲಿನಿಂದಲೂ ಕೈಕಾಲು ತಣ್ಣಗಾಗುತ್ತವೆ. ಖಾಕಿ ತೊಟ್ಟ ಅಂಚೆಯವ ಬಂದರೂ ಎದ್ದು ನಿಂತು ನಮಸ್ಕಾರ ಮಾಡುವ ಪೈಕಿ ನಾನು. ಒಮ್ಮೆ ರೈಲಿನಲ್ಲಿ ಟಿಕೀಟು ಕಿಸೆಯಲ್ಲಿದ್ದೂ, ಕೇಳಲು ಬಂದವನ ಮುಂದೆ "ತಪ್ಪಾತ್ರಿ" ಅಂದದ್ದುಂಟು. ಇಂಥವನ ಖಾನಾವಳಿಗೆ ಮುನಸಿಪಾಲಿಟಿಯ ಆರೋಗ್ಯ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ ಹೇಗಾಗಿರಬೇಡ, ನೀವೇ ಹೇಳಿ!

ಯುದ್ಧದ ಕಾಲ ಅದು. ಸೊಲ್ಲಾಪುರ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಮೀನ ಖಾನಾವಳಿ. ಮಮದಾಪುರ ಕೆರೆಯ ಮೀನು ಒದ್ದೆ ಚೀಲದಲ್ಲಿ, ಪೆಟ್ರೋಲಿನ ಬರಕ್ಕೆ ಇದ್ದಲಿ ಉರಿಸಿ ಓಡಿಸುತ್ತಿದ್ದ ಮೋಟಾರಿನ ನೆತ್ತಿಯ ಮೇಲೆ ಕೂತು, ಬಬಲೇಶ್ವರ ಹಾದು ಬರುತ್ತಿತ್ತು. ಮೋಟಾರು ದಾರಿಯಲ್ಲಿ ಕೆಟ್ಟು ತಡವಾಯಿತೋ, ನನ್ನ ಹೆಂಡತಿ ಗಂಗವ್ವ ಮೀನು ಮೂಸಿ ನೋಡಿ ಚೀಲಸಮೇತ ತಿಪ್ಪೆಗೆ ಒಗೆಯುತ್ತಿದ್ದಳು. ಅವತ್ತು ಗಿರಾಕಿಗಳಿಗೆ ಝುಣಕ-ರೊಟ್ಟಿಯೇ ಗತಿ. ಸಾಹೇಬರು "ಹೊಲಸು" ಅಂದರೆ ಬಾಗಿಲಿಗೆ ಬೀಗ, ಒಲೆಗೆ ನೀರು. ಹೊಲವಿಲ್ಲದ ನಮಗೆ ಆ ಒಲೆಯೇ ಅನ್ನ.

ಸಾಹೇಬರು ಬಂದರು. ಬುಟ್ಟಿಯಂಥ ಹ್ಯಾಟು, ಕಾಲಲ್ಲಿ ಭಾರೀ ಬೂಟು. "ಒಳಗ ತೋರಸ್ರಿ" ಅಂದವರೇ ಅಡುಗೆಮನೆಯ ಕಡೆ ನಡೆದರು. ಹೊಸ್ತಿಲಲ್ಲಿ ಗಂಗವ್ವ ತಂಬಿಗೆ ಹಿಡಿದು ಅಡ್ಡ ನಿಂತಳು.

"ಸಾಹೇಬ್ರ, ಬೂಟ ಕಳೀರಿ. ಕಾಲ ತೊಳಕೊಂಡ ಬರ್ರಿ."

"ನಾ ತಪಾಸಣಿ ಮಾಡಾಕ ಬಂದೇನ ಬೇ!"

"ಖರೇ ಐತ್ರಿ. ಓಣಿ ರಾಡಿ ಎಲ್ಲಾ ತುಳಕೊಂಡ ಬಂದೀರಿ. ಅದು ಒಳಗ ಬಿದ್ರ ಹೊಲಸಂತ ನೀವ ಬರೀತೀರಿ. ಯಾರ ಹೊಲಸರಿ ಅದು?"

ಯಪ್ಪಾ! ಮುಗೀತು ಸಂಸಾರ ಅಂದುಕೊಂಡೆ. ಆದರೆ ನೋಡ್ರಿ, ಸಾಹೇಬರು ಕಟ್ಟೆಯ ಮೇಲೆ ಕೂತು ಬೂಟಿನ ಲಾಡಿ ಬಿಚ್ಚತೊಡಗಿದರು! ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಸರಕಾರಕ್ಕೂ ಹೆಬ್ಬೆರಳಿರುತ್ತದೆಂದು ನನಗೆ ತಿಳಿದದ್ದು ಅವತ್ತೇ. ಗಂಗವ್ವ ನೀರು ಹೊಯ್ದಳು, ಹಿಮ್ಮಡಿ ತಿಕ್ಕಿಸಿದಳು, "ಕೈನೂ ತೊಳೀರಿ" ಅಂದಳು. ಸಾಹೇಬರು ಸಾಲಿ ಹುಡುಗನಂತೆ ಕೈ ಚಾಚಿದರು. ಗೋಳಗುಮ್ಮಟದೊಳಗೆ ಮೊದಲ ಸಲ ತಲೆ ಎತ್ತಿ ನೋಡಿದಾಗಲೂ ನಾನು ಇಷ್ಟು ಬೆರಗಾಗಿರಲಿಲ್ಲ. ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆ ನಾನು?

ಒಳಗೆ ಸಾಹೇಬರು ಮೀನಿನ ಕಿವಿರು ಎತ್ತಿ ನೋಡಿದರು, ಗಡಿಗೆಗಳ ಮುಚ್ಚಳ ತೆಗೆದರು, ಮೂಲೆಮೂಲೆಗೆ ಬೆರಳು ಒರೆಸಿದರು. ಬೆರಳು ಹೋದ ಹಾಗೆಯೇ ಬಂತು. "ಭೇಷ್!" ಅಂದರು. ನನಗೆ ಹೋದ ಜೀವ ಬಂದಂತಾಯಿತು. ಖುಷಿಯ ಭರದಲ್ಲಿ "ಒಂದ ತುತ್ತ ಉಂಡ ಹೋಗ್ರಿ ಸಾಹೇಬ್ರ" ಅಂತ ತಾಟು ಎತ್ತಿಕೊಂಡೆ. ಹೆಗಲ ಮೇಲಿನ ಟಾವೆಲ್ಲಿನಿಂದ ಹಣೆಯ ಬೆವರು ಒರೆಸಿಕೊಂಡೆ, ಅದರಿಂದಲೇ ತಾಟನ್ನೂ ಫಳಫಳ ಒರೆಸಿ ಮುಂದಿಟ್ಟೆ.

ಸಾಹೇಬರು ತಾಟು ನೋಡಿದರು. ಗಂಗವ್ವ ನನ್ನನ್ನು ನೋಡಿದಳು.

"ಖಾನಾವಳಿ ಪಾಸ್" ಅಂದರು ಸಾಹೇಬರು, ಬೂಟು ಮೆಟ್ಟುತ್ತ. "ಆದ್ರ ಅವ್ವಾರ, ಮಾಲಕರನ್ನ ಅಡಗಿಮನಿ ಒಳಗ ಬಿಡಬ್ಯಾಡ್ರಿ."

ಯುದ್ಧ ಮುಗಿಯಿತು, ಸಾಹೇಬರಿಗೂ ಬೇರೆ ಊರಿಗೆ ಬದಲಿಯಾಯಿತು. ನಾನು ಮಾತ್ರ ಇಂದಿಗೂ ಗಿರಾಕಿಗಳ ಪಂಕ್ತಿಯಲ್ಲಿ ಕೂತು, ಇನ್ನೊಂದು ತುಂಡಿಗೆ ಹೊಸ್ತಿಲಾಚೆಯಿಂದ ಕೂಗಬೇಕು. ಒಳಗೆ ಬಿಡೇ ಅಂದರೆ, ಸಾಹೇಬರಿಗೇ ಕಾಲು ತೊಳೆಸಿದ ಆ ಪುಣ್ಯಾತ್ಗಿತ್ತಿ ತಲೆತಗ್ಗಿಸಿ ಅನ್ನುತ್ತಾಳೆ: "ಸರಕಾರದ ಹುಕುಂ ಐತ್ರಿ, ನಾ ಬಡವಿ ಏನ ಮಾಡ್ಲಿ?"